ಟ್ರಸ್ಟ್ ಪತ್ರದ ಕಲಮುಗಳಲ್ಲಿ ಸಿಕ್ಕ ಆಸ್ತಿ

ನ್ಯೂಜಿಲೆಂಡಿನ ಉತ್ತರ ದ್ವೀಪದ ರೋಟೊರುವಾ ಊರನ್ನು ಪ್ರವಾಸಿಗರು ಬಿಸಿನೀರಿನ ಬುಗ್ಗೆಗಳಿಂದ, ಗಂಧಕದ ವಾಸನೆಯಿಂದ ಬಲ್ಲರು. ಸುತ್ತಮುತ್ತ ಮೈಲಿಗಟ್ಟಲೆ ಹಬ್ಬಿದ ಪೈನ್ ತೋಪುಗಳಿಂದಾಗಿ ಮರದ ವ್ಯಾಪಾರಿಗಳಿಗೂ ಅದು ಪರಿಚಿತ ಊರು. ಅಂಥ ಒಬ್ಬ ಮರದ ವ್ಯಾಪಾರಿಯ ವಿಚ್ಛೇದನದ ಜಗಳ ಅಲ್ಲಿನ ಫ್ಯಾಮಿಲಿ ಕೋರ್ಟಿನಲ್ಲಿ ಶುರುವಾಗಿ, 2016ರ ಮಾರ್ಚ್ 23ರಂದು ದೇಶದ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅಷ್ಟರಲ್ಲಿ ವಕೀಲರು ನೂರಮೂವತ್ತು ವರ್ಷ ನೆಚ್ಚಿಕೊಂಡು ಬಂದಿದ್ದ ಒಂದು ನಿಯಮದ ಬುಡ ಅಲುಗಾಡಿತ್ತು. ಕ್ಲೇಟನ್ ಪ್ರಕರಣ ಎಂದು ಹೆಸರಾದ ಆ ತೀರ್ಪು ಇವತ್ತು ಟ್ರಸ್ಟ್ ಬರೆಯುವವರೂ ಟ್ರಸ್ಟ್ ಒಡೆಯಲು ಹೊರಟವರೂ ಸಮಾನವಾಗಿ ಓದುವ ಪಾಠ.

ಜಗಳದ ಹಿನ್ನೆಲೆ ಸರಳ. 1989ರಲ್ಲಿ ಮದುವೆ, ಇಬ್ಬರು ಹೆಣ್ಣುಮಕ್ಕಳು, 2006ರಲ್ಲಿ ದಂಪತಿ ಬೇರೆಯಾದರು. ಮದುವೆಗೆ ಮುಂಚೆಯೇ ಗಂಡ ಒಂದು ಒಪ್ಪಂದ ಬರೆಸಿಕೊಂಡಿದ್ದ. ಮದುವೆ ಮುರಿದರೆ ಹೆಂಡತಿಗೆ ಸಿಗುವುದು ಹೆಚ್ಚೆಂದರೆ 30,000 ಡಾಲರ್. ಹದಿನೇಳು ವರ್ಷ ಸಂಸಾರ ಮಾಡಿದವಳಿಗೆ ಇದು ಘೋರ ಅನ್ಯಾಯ ಎಂದು ಕೋರ್ಟು ಆ ಕಾಗದವನ್ನು ಪಕ್ಕಕ್ಕೆ ಸರಿಸಿತು. ಹಾಗಾದರೆ ಕಾನೂನಿನ ಪ್ರಕಾರ ಅರ್ಧ. ಯಾವುದರಲ್ಲಿ ಅರ್ಧ ಎಂಬ ಪ್ರಶ್ನೆಯಿಂದಲೇ ನಿಜವಾದ ಕತೆ ಶುರುವಾಗುವುದು. ಮದುವೆಯಾದ ಹತ್ತು ವರ್ಷಕ್ಕೆ, 1999ರಲ್ಲಿ, ಗಂಡ ವಾನ್ ರೋಡ್ ಪ್ರಾಪರ್ಟಿ ಟ್ರಸ್ಟ್ ಎಂಬುದೊಂದನ್ನು ಸ್ಥಾಪಿಸಿ ಆಸ್ತಿಯ ಒಂದು ದೊಡ್ಡ ಪಾಲನ್ನು ಅದರೊಳಗೆ ಇಟ್ಟಿದ್ದ. ಟ್ರಸ್ಟಿನ ಆಸ್ತಿ ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ. ಯಾರದೂ ಅಲ್ಲದ್ದನ್ನು ಇಬ್ಬರಿಗೆ ಹಂಚುವುದು ಹೇಗೆ?

ಇದು ಆ ಒಂದು ಮನೆಯ ತಾಪತ್ರಯವಾಗಿದ್ದರೆ ಸುಪ್ರೀಂ ಕೋರ್ಟಿನವರೆಗೆ ಬರುತ್ತಿರಲಿಲ್ಲ. ನ್ಯೂಜಿಲೆಂಡ್ ಟ್ರಸ್ಟುಗಳ ದೇಶ. ಐವತ್ತು ಲಕ್ಷ ಜನಸಂಖ್ಯೆಯೂ ಇಲ್ಲದಿದ್ದ ಕಾಲದಲ್ಲಿ ಅಲ್ಲಿನ ಕಾನೂನು ಆಯೋಗ ಹಾಕಿದ ಅಂದಾಜಿನಂತೆ ಮೂರರಿಂದ ಐದು ಲಕ್ಷ ಟ್ರಸ್ಟುಗಳಿದ್ದವು. ನಮ್ಮಲ್ಲಿ ಟ್ರಸ್ಟ್ ಎಂದರೆ ಶಾಲೆ, ಆಸ್ಪತ್ರೆ, ದೇವಸ್ಥಾನ ನೆನಪಾಗುತ್ತವೆ; ಅಲ್ಲಿ ದಂತವೈದ್ಯ, ಹೈನುಗಾರ, ಪ್ಲಂಬರ್ ಕೂಡ ತಂತಮ್ಮ ಮನೆಯನ್ನು ಟ್ರಸ್ಟಿಗೆ ಹಾಕಿಕೊಂಡಿರುತ್ತಾರೆ. ಕಾರಣಗಳು ತೀರ ಲೌಕಿಕ. 1992ರ ಕೊನೆಯವರೆಗೂ ಸತ್ತವರ ಆಸ್ತಿಯ ಮೇಲೆ ತೆರಿಗೆ ಇತ್ತು. ಮುಪ್ಪಿನಲ್ಲಿ ಆರೈಕೆ ಮನೆ ಸೇರಿದರೆ ಸರ್ಕಾರದ ನೆರವು ಸಿಗಲು ಆಸ್ತಿಯ ಮಿತಿ ಇತ್ತು. ವ್ಯಾಪಾರ ಮುಳುಗಿದರೆ ಸಾಲಗಾರರು ಮನೆ ಬಾಗಿಲಿಗೆ ಬರುವ ಭಯವಂತೂ ಎಲ್ಲ ದೇಶದಲ್ಲೂ ಇದ್ದದ್ದೇ.

ಆಸ್ತಿಯನ್ನು ಟ್ರಸ್ಟಿಗೆ ದಾಟಿಸುವ ವಿಧಾನ ನೋಡಿದರೆ ಅಲ್ಲಿನ ಲೆಕ್ಕಿಗರ ಜಾಣತನ ಗೊತ್ತಾಗುತ್ತದೆ. ಆಗ ದಾನದ ಮೇಲೂ ತೆರಿಗೆ ಇತ್ತು, ವರ್ಷಕ್ಕೆ 27,000 ಡಾಲರ್‌ವರೆಗೆ ಮಾತ್ರ ವಿನಾಯಿತಿ. ಮನೆಯ ಬೆಲೆ 2,70,000 ಡಾಲರ್ ಅಂದುಕೊಳ್ಳಿ. ಗಂಡ ಹೆಂಡತಿ ಅದನ್ನು ಟ್ರಸ್ಟಿಗೆ ದಾನ ಕೊಡುವುದಿಲ್ಲ, ಪೂರ್ತಿ ಬೆಲೆಗೆ ಮಾರುತ್ತಾರೆ. ಟ್ರಸ್ಟಿನ ಬಳಿ ಬಿಡಿಗಾಸೂ ಇಲ್ಲವಾದ್ದರಿಂದ ಅಷ್ಟೂ ಮೊತ್ತ ಟ್ರಸ್ಟಿನ ಮೇಲಿನ ಸಾಲವಾಗಿ ಕೂರುತ್ತದೆ. ಆಮೇಲೆ ಪ್ರತಿ ವರ್ಷ ಗಂಡ 27,000, ಹೆಂಡತಿ 27,000 ಸಾಲ ಮನ್ನಾ ಮಾಡುತ್ತ ಹೋಗುತ್ತಾರೆ. ಐದು ವರ್ಷಕ್ಕೆ ಸಾಲ ತೀರಿತು, ಒಂದು ಡಾಲರ್ ತೆರಿಗೆ ಕಟ್ಟದೆ ಮನೆ ಟ್ರಸ್ಟಿನದಾಯಿತು. ಸಂಸಾರ ಅದೇ ಮನೆಯಲ್ಲಿ, ಅದೇ ಅಡುಗೆಮನೆಯಲ್ಲಿ ನಡೆಯುತ್ತಿರುತ್ತದೆ. 2011ರ ಅಕ್ಟೋಬರ್ 1ರಂದು ದಾನ ತೆರಿಗೆಯೇ ರದ್ದಾಯಿತು. ಆ ಹೊತ್ತಿಗೆ ಒಂದು ತಲೆಮಾರಿನ ಮನೆಗಳು ಹೀಗೆ ಸದ್ದಿಲ್ಲದೆ ಟ್ರಸ್ಟುಗಳ ಒಳಗೆ ಸೇರಿದ್ದವು.

ಇತ್ತ 1976ರಲ್ಲಿ ಸಂಸತ್ತು ದಂಪತಿಯ ಆಸ್ತಿಯನ್ನು ಸಮಪಾಲು ಮಾಡುವ ಕಾಯ್ದೆ ತಂದಿತ್ತು. 2002ರಲ್ಲಿ ಅದನ್ನು ಮದುವೆಯಾಗದೆ ಕೂಡಿ ಬಾಳುವವರಿಗೂ ವಿಸ್ತರಿಸಿತು. ಒಂದು ಕೈಯಿಂದ ಸಮಪಾಲು, ಇನ್ನೊಂದು ಕೈಯಿಂದ ಹಂಚಲು ಏನೂ ಉಳಿಯದಂತೆ ಮಾಡುವ ಟ್ರಸ್ಟು. 2002ರ ತಿದ್ದುಪಡಿಯಲ್ಲಿ ಇದಕ್ಕೊಂದು ಪರಿಹಾರ ಸೇರಿಸಿದ್ದೇನೋ ನಿಜ. ಆದರೆ ಆ ಕಲಮಿನಡಿ ಟ್ರಸ್ಟಿನ ಆದಾಯದಿಂದ ಒಂದಷ್ಟು ಕೊಡಿಸಬಹುದಿತ್ತೇ ಹೊರತು ಮೂಲ ಬಂಡವಾಳ ಮುಟ್ಟುವಂತಿರಲಿಲ್ಲ. ಆದಾಯವೇ ಇಲ್ಲದ, ಬರೀ ಮನೆ ಇಟ್ಟುಕೊಂಡ ಟ್ರಸ್ಟಿನಿಂದ ಏನು ಕೊಡಿಸುತ್ತೀರಿ?

ಹಾಗಾಗಿ ಹೆಂಡತಿಯರ ಪರ ವಕೀಲರು ಹಿಡಿದ ಮೊದಲ ದಾರಿ, ಟ್ರಸ್ಟೇ ಸುಳ್ಳು ಎನ್ನುವುದು. ನಮ್ಮ ಕೋರ್ಟುಗಳಲ್ಲಿ ಬೇನಾಮಿ ಎಂದು ವಾದಿಸಿದ ಹಾಗೆ. ಈ ದಾರಿಗೆ ಅಡ್ಡ ಬಂದದ್ದು 1967ರ ಒಂದು ಇಂಗ್ಲಿಷ್ ತೀರ್ಪು, ಸ್ನೂಕ್ ಪ್ರಕರಣ. ವಾಹನದ ಕಂತು ಸಾಲದ ವಿಷಯದಲ್ಲಿ ಹುಟ್ಟಿದ ಆ ತೀರ್ಪಿನ ಪ್ರಕಾರ, ಒಂದು ದಸ್ತಾವೇಜು ಸೋಗು ಎಂದು ಸಾಬೀತಾಗಬೇಕಾದರೆ ಅದಕ್ಕೆ ಸಹಿ ಹಾಕಿದವರೆಲ್ಲ ಸೇರಿ ಲೋಕವನ್ನು ವಂಚಿಸುವ ಉದ್ದೇಶ ಇಟ್ಟುಕೊಂಡಿರಬೇಕು. ಸಾಮಾನ್ಯ ಕುಟುಂಬದ ಟ್ರಸ್ಟ್ ಪತ್ರ ಬರೆದುಕೊಟ್ಟವರು ಊರಿನ ಮರ್ಯಾದಸ್ಥ ವಕೀಲರು, ಬರೆಸಿಕೊಂಡವನು ಲೆಕ್ಕಿಗನ ಸಲಹೆ ಕೇಳಿದವನು. ಅವರಲ್ಲಿ ವಂಚನೆ ಎಲ್ಲಿಂದ ತೋರಿಸುವುದು? ಟ್ರಸ್ಟು ನೂರಕ್ಕೆ ನೂರು ಅಸಲಿಯಾಗಿರುತ್ತಿತ್ತು, ಹೆಂಡತಿ ಬರಿಗೈಯಲ್ಲಿ ಹೋಗುತ್ತಿದ್ದಳು.

ಎರಡನೆಯ ಅಡ್ಡಗೋಡೆ ಇನ್ನೂ ಹಳೆಯದು. ಟ್ರಸ್ಟಿನ ಆಸ್ತಿ ಗಂಡನದಲ್ಲದಿದ್ದರೂ ಅದನ್ನು ಯಾರಿಗೆ ಬೇಕಾದರೂ ಕೊಡುವ ಅಧಿಕಾರ ಅವನಿಗಿದೆಯಲ್ಲ, ಆ ಅಧಿಕಾರವನ್ನೇ ಆಸ್ತಿ ಎನ್ನಬಹುದಲ್ಲ? ಆಗುವುದಿಲ್ಲ ಎಂದು 1886ರಲ್ಲಿಯೇ ಇಂಗ್ಲೆಂಡಿನ ನ್ಯಾಯಮೂರ್ತಿ ಫ್ರೈ ಹೇಳಿಬಿಟ್ಟಿದ್ದರು. ಆಸ್ತಿ ಬೇರೆ, ಅಧಿಕಾರ ಬೇರೆ. ಇವೆರಡರಷ್ಟು ದೂರದ ಕಲ್ಪನೆಗಳು ಮತ್ತೆರಡಿಲ್ಲ ಎಂಬ ಅರ್ಥದ ಮಾತು ಅವರದು. ಸ್ವಾರಸ್ಯವೆಂದರೆ ಆ ಪ್ರಕರಣದಲ್ಲಿ ದಿವಾಳಿಯಾಗಿದ್ದು ಒಬ್ಬ ವಿವಾಹಿತ ಹೆಂಗಸು. ಟ್ರಸ್ಟಿನಲ್ಲಿದ್ದ ಹಣವನ್ನು ತನಗೇ ಬರೆದುಕೊಳ್ಳುವ ಅಧಿಕಾರ ಅವಳಿಗಿತ್ತು. ಸಾಲಗಾರರು ಆ ಅಧಿಕಾರವನ್ನು ವಶಮಾಡಿಕೊಳ್ಳಲು ಬಂದಿದ್ದರು. ಅವರ ಕೈಗೆ ಅದು ಸಿಗದ ಹಾಗೆ ಮಾಡಿದ್ದು ಆ ಮಾತು. ಒಬ್ಬ ಹೆಂಗಸಿಗೆ ನೆರವಾದ ನಿಯಮ ಮುಂದಿನ ನೂರು ವರ್ಷ ಟ್ರಸ್ಟ್ ಕಟ್ಟಿಕೊಂಡ ಗಂಡಂದಿರಿಗೆ ಕೋಟೆಯಾಯಿತು.

ಹಿಂಬಾಗಿಲೊಂದು ಮಾತ್ರ ತೆರೆದಿತ್ತು. ಅದೂ ವಿಕ್ಟೋರಿಯಾ ರಾಣಿಯ ಕಾಲದ್ದು. 1857ರಲ್ಲಿ ಇಂಗ್ಲೆಂಡ್ ವಿಚ್ಛೇದನದ ಕೋರ್ಟು ಸ್ಥಾಪಿಸಿತು. ಶ್ರೀಮಂತ ಮನೆತನಗಳಲ್ಲಿ ಮದುವೆಯ ಹೊತ್ತಿಗೆ ಆಸ್ತಿಯನ್ನು ದಂಪತಿಗೂ ಹುಟ್ಟಲಿರುವ ಮಕ್ಕಳಿಗೂ ಎಂದು ಟ್ರಸ್ಟಿನಲ್ಲಿ ಇಡುವ ಪದ್ಧತಿ ಇತ್ತು. ಮದುವೆಯೇ ಮುರಿದ ಮೇಲೆ ಆ ಟ್ರಸ್ಟಿನ ಗತಿ ಏನು? 1859ರ ತಿದ್ದುಪಡಿ ಕಾಯ್ದೆಯ 5ನೇ ಕಲಮು ಅಂಥ ವ್ಯವಸ್ಥೆಯನ್ನು ವಿಚಾರಣೆ ಮಾಡಿ ಬದಲಾಯಿಸುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಆ ಕಲಮು ಸಾಮ್ರಾಜ್ಯದ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು. ನ್ಯೂಜಿಲೆಂಡಿನಲ್ಲಿ 1980ರ ಕಾಯ್ದೆಯ 182ನೇ ಕಲಮಾಗಿ ಕೂತಿತು. 2009ರಲ್ಲಿ ವಾರ್ಡ್ ಎಂಬ ಪ್ರಕರಣ ಬಂತು. ಕುಟುಂಬದ ಕೃಷಿ ಜಮೀನು ಟ್ರಸ್ಟಿನಲ್ಲಿತ್ತು. ಆ ಟ್ರಸ್ಟನ್ನು ಎರಡು ಸಮಭಾಗವಾಗಿ ಸೀಳಿ ಗಂಡನ ಕಡೆಗೊಂದು, ಹೆಂಡತಿಯ ಕಡೆಗೊಂದು ಮಾಡಿದ್ದ ಆದೇಶವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸತ್ತೇಹೋಯಿತು ಅಂದುಕೊಂಡಿದ್ದ ಕಲಮು ಎದ್ದು ಕೂತಿತು. ಆದರೆ ಅದು ಮದುವೆಗೂ ಸಿವಿಲ್ ಯೂನಿಯನ್‌ಗೂ ಮಾತ್ರ ಅನ್ವಯ; ತಾಳಿ ಉಂಗುರ ಇಲ್ಲದೆ ಇಪ್ಪತ್ತು ವರ್ಷ ಬಾಳಿದವರಿಗೆ ಇಲ್ಲ. ಜೊತೆಗೆ ಆ ಟ್ರಸ್ಟು ಮದುವೆಗೆ ಸಂಬಂಧಪಟ್ಟು ಮಾಡಿದ್ದು ಎಂದು ತೋರಿಸಬೇಕು, ಎಷ್ಟು ಕೊಡಬೇಕೆಂಬುದು ನ್ಯಾಯಾಧೀಶರ ವಿವೇಚನೆ. ಹಿಂಬಾಗಿಲಿನಿಂದ ಎಲ್ಲರೂ ಒಳಗೆ ಹೋಗಲಾರರು.

ಆಸ್ತಿಗೂ ಅಧಿಕಾರಕ್ಕೂ ನಡುವಿನ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಪಕ್ಕದ ಆಸ್ಟ್ರೇಲಿಯಾದಲ್ಲಿ. ಆ ಕತೆಯ ನಾಯಕನನ್ನು ಕಾದಂಬರಿಕಾರ ಸೃಷ್ಟಿಸಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಡಾ. ಇಯಾನ್ ಸ್ಪ್ರೈ ಮೆಲ್ಬರ್ನಿನ ಹಿರಿಯ ವಕೀಲರು. ಈಕ್ವಿಟಿ, ಅಂದರೆ ಟ್ರಸ್ಟುಗಳಿಗೆ ಮೂಲವಾದ ಕಾನೂನು ಶಾಖೆ, ಅದರ ಪರಿಹಾರಗಳ ಮೇಲೆ ಅವರು ಬರೆದ ಗ್ರಂಥವನ್ನು ಜಡ್ಜುಗಳೇ ಉದ್ಧರಿಸುತ್ತಿದ್ದರು. 1968ರಲ್ಲಿ ಅವರು ಬಾಯಿಮಾತಿನಲ್ಲೇ ಒಂದು ಟ್ರಸ್ಟ್ ಮಾಡಿದರು, 1981ರಲ್ಲಿ ಅದನ್ನು ಬರಹಕ್ಕಿಳಿಸಿದರು. ನಡುವೆ 1978ರಲ್ಲಿ ಮದುವೆಯಾಗಿತ್ತು. 1983ರಲ್ಲಿ ತಮ್ಮ ಹೆಸರನ್ನು ಫಲಾನುಭವಿಗಳ ಪಟ್ಟಿಯಿಂದ ತಾವೇ ತೆಗೆದರು. ಮದುವೆ ಅಲುಗಾಡುತ್ತಿದ್ದಾಗ, 1998ರಲ್ಲಿ, ಟ್ರಸ್ಟಿನ ಬಂಡವಾಳ ತಮಗೂ ಹೆಂಡತಿಗೂ ಎಂದೂ ಸೇರದಂತೆ ಪತ್ರ ಬದಲಿಸಿದರು. 2001ರ ಅಕ್ಟೋಬರಿನಲ್ಲಿ ದಂಪತಿ ಬೇರೆಯಾದರು. 2002ರ ಜನವರಿಯಲ್ಲಿ ಅವರು ನಾಲ್ವರು ಹೆಣ್ಣುಮಕ್ಕಳ ಹೆಸರಿನಲ್ಲಿ ನಾಲ್ಕು ಹೊಸ ಟ್ರಸ್ಟ್ ಮಾಡಿ ಹಳೆಯದರಲ್ಲಿದ್ದದ್ದನ್ನೆಲ್ಲ ಅವುಗಳಿಗೆ ಹಂಚಿದರು. ಕಾನೂನಿನ ಲೆಕ್ಕದಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಗಂಡ ಫಲಾನುಭವಿಯೇ ಅಲ್ಲ, ತನಗೆ ತಾನು ಒಂದು ಪೈಸೆ ಕೊಟ್ಟುಕೊಳ್ಳಲಾರ. ಅವನ ಆಸ್ತಿ ಎನ್ನುವುದು ಹೇಗೆ?

ವಿಚಾರಣಾ ನ್ಯಾಯಾಲಯ ಮೊದಲು 1998 ಮತ್ತು 2002ರ ಕಾಗದಗಳನ್ನು ರದ್ದು ಮಾಡಿತು. ಹೆಂಡತಿಗೆ ಸುಮಾರು 22 ಲಕ್ಷ ಡಾಲರ್ ಕೊಡಬೇಕೆಂದಿತು. 2008ರ ಡಿಸೆಂಬರ್ 3ರಂದು ಆಸ್ಟ್ರೇಲಿಯಾದ ಹೈಕೋರ್ಟು, ಆ ದೇಶದಲ್ಲಿ ಅದೇ ಅತ್ಯುನ್ನತ ಕೋರ್ಟು, 4–1 ಬಹುಮತದಿಂದ ಅದನ್ನು ಒಪ್ಪಿತು. ಬಹುಮತದವರ ದಾರಿಗಳು ಒಂದೇ ಆಗಿರಲಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ನ್ಯಾಯಮೂರ್ತಿಗಳಾದ ಗಮ್ಮೋ ಮತ್ತು ಹೇನ್ ಹಿಡಿದ ದಾರಿ. ಗಂಡ ತನಗೆ ಕೊಟ್ಟುಕೊಳ್ಳಲಾರ, ಒಪ್ಪೋಣ. ಆದರೆ ಮದುವೆ ಇದ್ದಷ್ಟು ದಿನ ಹೆಂಡತಿ ಫಲಾನುಭವಿಯಾಗಿದ್ದಳು, ಟ್ರಸ್ಟಿಯಾಗಿ ಅವನು ಅಷ್ಟೂ ಆಸ್ತಿಯನ್ನು ಅವಳಿಗೆ ಕೊಡಬಹುದಿತ್ತು. ಕೊಡುವ ಅಧಿಕಾರ ಅವನ ಕೈಯಲ್ಲಿ, ತನ್ನನ್ನು ಪರಿಗಣಿಸಿ ಎಂದು ಕೇಳುವ ಹಕ್ಕು ಅವಳ ಕೈಯಲ್ಲಿ. ಎರಡನ್ನೂ ಕೂಡಿಸಿದರೆ ಅದು ಈ ಮದುವೆಯ ಕಕ್ಷಿಗಳ ಆಸ್ತಿ. ಗಂಡನ ಜೇಬು ಹುಡುಕುವುದನ್ನು ಬಿಟ್ಟು ಇಬ್ಬರ ಕೈಗಳನ್ನೂ ಒಟ್ಟಿಗೆ ನೋಡಿದ್ದೇ ಅಲ್ಲಿನ ಹೊಸತನ. ಇನ್ನೊಂದು ಸಂಗತಿ ಹೇಳದಿದ್ದರೆ ಕತೆ ಪೂರ್ತಿಯಾಗದು: ಬಹುಮತದಲ್ಲಿದ್ದ ಗಮ್ಮೋ, ಒಬ್ಬಂಟಿಯಾಗಿ ಭಿನ್ನ ತೀರ್ಪು ಬರೆದ ಹೇಡನ್, ಇಬ್ಬರೂ ಆಸ್ಟ್ರೇಲಿಯಾದ ಇನ್ನೊಂದು ಪ್ರಸಿದ್ಧ ಈಕ್ವಿಟಿ ಗ್ರಂಥದ ಲೇಖಕರು. ಕಟಕಟೆಯಲ್ಲಿ ಒಬ್ಬ ಗ್ರಂಥಕರ್ತ, ಪೀಠದ ಮೇಲೆ ಇಬ್ಬರು. ಮೂವರೂ ಒಂದೇ ಶಾಸ್ತ್ರ ಓದಿದವರು, ಒಂದೇ ಉತ್ತರ ಮಾತ್ರ ಬರಲಿಲ್ಲ.

ಎರಡನೆಯ ಬಿರುಕಿಗೂ ಮದುವೆಗೂ ಸಂಬಂಧವೇ ಇಲ್ಲ. ಟರ್ಕಿಯ ಎಗೆಬ್ಯಾಂಕ್ ಮುಳುಗಿತು. ಅದನ್ನು ನಡೆಸುತ್ತಿದ್ದ ಡೆಮಿರೆಲ್ ಎಂಬ ಉದ್ಯಮಿ ಕೇಮನ್ ದ್ವೀಪಗಳಲ್ಲಿ ಎರಡು ಟ್ರಸ್ಟ್ ಮಾಡಿ ಸುಮಾರು 2.4 ಕೋಟಿ ಅಮೆರಿಕನ್ ಡಾಲರ್ ಇಟ್ಟಿದ್ದ. ಠೇವಣಿದಾರರ ಹಣ ಕಾಯುವ ಟರ್ಕಿಯ ಸರ್ಕಾರಿ ನಿಧಿ ಬೆನ್ನಟ್ಟಿ ಹೋಯಿತು. ಬೇಕೆಂದಾಗ ಟ್ರಸ್ಟನ್ನು ರದ್ದು ಮಾಡಿ ಹಣ ಹಿಂದಕ್ಕೆ ಪಡೆಯುವ ಅಧಿಕಾರವನ್ನು ಅವನು ತನ್ನಲ್ಲೇ ಉಳಿಸಿಕೊಂಡಿದ್ದ. 2011ರ ಜೂನಿನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಕೇಮನ್ ದ್ವೀಪಗಳಿಗೆ ಅದೇ ಕೊನೆಯ ಮೇಲ್ಮನವಿ ಕೋರ್ಟು, ಇಂಥ ಅಧಿಕಾರ ಒಡೆತನಕ್ಕೆ ಸಮವೇ ಸರಿ ಎಂದು ಅದನ್ನು ಸಾಲಗಾರರ ಪರವಾಗಿ ರಿಸೀವರುಗಳಿಗೆ ವಹಿಸಿಕೊಡಿಸಿತು. ಹಣದ ಬೆನ್ನುಹತ್ತಿದ ಆ ನಿಧಿಯವರು ತೆರೆದ ದಾರಿಯಲ್ಲಿ ಐದು ವರ್ಷದ ನಂತರ ಒಬ್ಬ ಹೆಂಡತಿ ನಡೆದು ಹೋದಳು.

ಈಗ ಮತ್ತೆ ರೋಟೊರುವಾದ ವಾನ್ ರೋಡ್ ಟ್ರಸ್ಟಿಗೆ. ಅದರ ಪತ್ರದಲ್ಲಿ ಗಂಡನಿಗೆ ಎಷ್ಟು ಪೀಠಗಳಿದ್ದವು ನೋಡಿ. ಟ್ರಸ್ಟ್ ಸ್ಥಾಪಿಸಿದವನು ಅವನು. ಏಕೈಕ ಟ್ರಸ್ಟಿ ಅವನು. ಫಲಾನುಭವಿಗಳಲ್ಲಿ ಒಬ್ಬ ಅವನು. ಇವಲ್ಲದೆ ಕುಟುಂಬದ ಪ್ರಧಾನ ಸದಸ್ಯ ಎಂಬ ನಾಲ್ಕನೆಯ ಪದವಿಯೂ ಅವನದೇ. ಆ ಪದವಿಯ ಬಲದಿಂದ ಯಾವ ಫಲಾನುಭವಿಯನ್ನಾದರೂ ತೆಗೆದುಹಾಕಬಹುದು, ಹೊಸಬರನ್ನು ಸೇರಿಸಬಹುದು. ಹೆಣ್ಣುಮಕ್ಕಳಿಬ್ಬರು ಅಂತಿಮ ಫಲಾನುಭವಿಗಳು, ಅಂದರೆ ಕೊನೆಗೆ ಉಳಿದದ್ದು ಅವರಿಗೆ. ಏನು ಉಳಿಯುತ್ತದೆ ಎನ್ನುವುದು ಅಪ್ಪನ ಮರ್ಜಿ. ಹುಂಡಿ ದೇವರದು, ಕೀಲಿ ಮಾತ್ರ ಧರ್ಮದರ್ಶಿಯ ಸೊಂಟದಲ್ಲಿ, ಸಾಲದ್ದಕ್ಕೆ ದೇವರನ್ನು ಬದಲಾಯಿಸುವ ಹಕ್ಕೂ ಅವನಿಗೇ ಎಂಬಂಥ ವ್ಯವಸ್ಥೆ.

2011ರಲ್ಲಿ ಫ್ಯಾಮಿಲಿ ಕೋರ್ಟು ಇದನ್ನು ನೋಡಿ, ಟ್ರಸ್ಟು ಬರೀ ಭ್ರಮೆ ಎಂದಿತು. ಸೋಗು ಎನ್ನಲು ವಂಚನೆಯ ಉದ್ದೇಶ ಸಾಬೀತಾಗಬೇಕು. ಭ್ರಮೆ ಎನ್ನಲು ಪತ್ರ ಓದಿದರೆ ಸಾಕು, ಇಷ್ಟೆಲ್ಲ ಒಬ್ಬನ ಕೈಯಲ್ಲಿದ್ದರೆ ಅಲ್ಲಿ ಟ್ರಸ್ಟೇ ಹುಟ್ಟಿಲ್ಲ ಎಂಬ ವಾದ. 2013ರಲ್ಲಿ ಹೈಕೋರ್ಟೂ ಇದನ್ನೇ ಹೇಳಿತು. ಹೆಂಡತಿ ಗೆದ್ದಳು. ಆದರೆ ಈ ಗೆಲುವಿನಲ್ಲಿ ಒಂದು ತೊಡಕಿತ್ತು: ಟ್ರಸ್ಟೇ ಇಲ್ಲ ಎಂದರೆ ಹೆಣ್ಣುಮಕ್ಕಳ ಹೆಸರಿನಲ್ಲಿದ್ದ ಪಾಲೂ ಇಲ್ಲ, ವರ್ಷಗಟ್ಟಲೆ ಟ್ರಸ್ಟಿನ ಹೆಸರಿನಲ್ಲಿ ನಡೆದ ವ್ಯವಹಾರಗಳಿಗೂ ಆಧಾರವಿಲ್ಲ. ದೇಶದ ಲಕ್ಷಾಂತರ ಟ್ರಸ್ಟುಗಳ ಯಜಮಾನರು ನಡುಗಿದ್ದರೆ ಆಶ್ಚರ್ಯವೇನೂ ಇಲ್ಲ.

2015ರಲ್ಲಿ ಮೇಲ್ಮನವಿ ನ್ಯಾಯಾಲಯ ಪ್ರಶ್ನೆಯನ್ನೇ ತಿರುಗಿಸಿತು. ಟ್ರಸ್ಟು ಅಸಲಿಯೋ ಭ್ರಮೆಯೋ ಎಂಬ ವಿಚಾರ ಹಾಗಿರಲಿ, ಅಸಲಿಯೇ ಅನ್ನೋಣ. ಈ ಮನುಷ್ಯನ ಕೈಯಲ್ಲಿ ಇರುವುದೇನು? ಫಲಾನುಭವಿಗಳನ್ನು ಸೇರಿಸುವ, ತೆಗೆಯುವ ಅಧಿಕಾರ. ಆ ಅಧಿಕಾರ ಅವನಿಗೆ ಬಂದದ್ದು ಮದುವೆಯ ಅವಧಿಯಲ್ಲಿ. ಹಾಗಿದ್ದರೆ ಅದು ದಾಂಪತ್ಯದ ಆಸ್ತಿ, ಹಂಚಬೇಕಾದದ್ದು ಅದನ್ನು.

ಸುಪ್ರೀಂ ಕೋರ್ಟು ಇದೇ ಜಾಡು ಹಿಡಿದು, ಹುಡುಕುವ ಜಾಗವನ್ನು ಇನ್ನಷ್ಟು ವಿಸ್ತರಿಸಿತು. ಒಂದೇ ಅಧಿಕಾರವನ್ನು ಬಿಡಿಯಾಗಿ ನೋಡದೆ ಪತ್ರದ ಕಲಮುಗಳನ್ನು ಜೋಡಿಸಿಕೊಂಡು ಓದಿತು. ಟ್ರಸ್ಟಿ ಆದಾಯವನ್ನೂ ಬಂಡವಾಳವನ್ನೂ ಯಾರೋ ಒಬ್ಬ ಫಲಾನುಭವಿಗೆ ಪೂರ್ತಿಯಾಗಿ ಕೊಡಬಹುದು, ಉಳಿದವರಿಗೆ ಏನೂ ಉಳಿಯದಿದ್ದರೂ ಸರಿ ಎಂದು ಒಂದು ಕಲಮು. ಎಲ್ಲರ ಹಿತವನ್ನೂ ಪರಿಗಣಿಸಬೇಕಾಗಿಲ್ಲ ಎಂದು ಇನ್ನೊಂದು. ತನ್ನ ಸ್ವಂತ ಹಿತಾಸಕ್ತಿ ಅಡ್ಡ ಬಂದರೂ ಟ್ರಸ್ಟಿ ಅಧಿಕಾರ ಚಲಾಯಿಸಬಹುದು ಎಂದು ಮತ್ತೊಂದು. ಬಿಡಿಬಿಡಿಯಾಗಿ ನೋಡಿದರೆ ಇಂಥ ಮಾತುಗಳು ನೂರಾರು ಟ್ರಸ್ಟ್ ಪತ್ರಗಳಲ್ಲಿ ಸಿಗುತ್ತವೆ. ಗುಮಾಸ್ತರು ಹಳೆಯ ನಮೂನೆಯಿಂದ ನಕಲು ಮಾಡುವ ಸಾಲುಗಳು. ಆದರೆ ಅಧಿಕಾರ ಹೊಂದಿದವನು ಒಬ್ಬನೇ, ತಾನೇ ಫಲಾನುಭವಿ, ತಡೆಯಲು ಇನ್ನೊಬ್ಬ ಟ್ರಸ್ಟಿ ಇಲ್ಲ. ಮೂರನ್ನೂ ಕೂಡಿಸಿದರೆ ಅವನು ಯಾವ ಬೆಳಿಗ್ಗೆ ಬೇಕಾದರೂ ಒಂದು ಹಾಳೆಗೆ ಸಹಿ ಹಾಕಿ ಅಷ್ಟೂ ಆಸ್ತಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಬಹುದು, ಮಕ್ಕಳು ಸೇರಿದಂತೆ ಯಾರೂ ಕೇಳುವಂತಿಲ್ಲ.

1886ರ ಗೋಡೆಯನ್ನು ಕೋರ್ಟು ದಾಟಿದ್ದು ಹೀಗೆ: ಆಸ್ತಿ ಎಂದರೇನು ಎನ್ನುವುದನ್ನು ಹಳೆಯ ಈಕ್ವಿಟಿ ಪುಸ್ತಕದಿಂದಲೇ ಅಳೆಯಬೇಕಾಗಿಲ್ಲ. 1976ರ ಕಾಯ್ದೆ ಆಸ್ತಿಯ ವ್ಯಾಖ್ಯೆಯ ಕೊನೆಗೆ, ಬೇರೆ ಯಾವುದೇ ಹಕ್ಕು ಅಥವಾ ಹಿತಾಸಕ್ತಿ ಎಂದೂ ಸೇರಿಸಿದೆ. ದಂಪತಿಯ ನಡುವೆ ನ್ಯಾಯ ಹಂಚಲು ಮಾಡಿದ ಸಾಮಾಜಿಕ ಕಾಯ್ದೆ ಅದು, ಲೋಕದ ವಾಸ್ತವವನ್ನು ನೋಡಿ ಓದಬೇಕು. ಸ್ಪ್ರೈ ಪ್ರಕರಣವನ್ನೂ ಕೇಮನ್ ಟ್ರಸ್ಟುಗಳ ತೀರ್ಪನ್ನೂ ಕೋರ್ಟು ಪಕ್ಕದಲ್ಲಿಟ್ಟುಕೊಂಡಿತ್ತು. ಈ ಅಧಿಕಾರಗಳ ಗೊಂಚಲೇ ಆಸ್ತಿ. ಅದರ ಬೆಲೆ ಎಷ್ಟು? ಟ್ರಸ್ಟಿನ ಸಾಲ ಕಳೆದು ಉಳಿಯುವ ಒಟ್ಟು ಆಸ್ತಿಯ ಬೆಲೆಯಷ್ಟೇ, ನೂರಕ್ಕೆ ನೂರು.

ಟ್ರಸ್ಟು ನಿಂತೇ ಇತ್ತು, ಅದರ ಬೆಲೆ ಮಾತ್ರ ಹಂಚಿಕೆಯ ಪಟ್ಟಿಗೆ ಬಂತು. ಟ್ರಸ್ಟನ್ನು ಒಡೆಯಬೇಕೆಂದು ಇಷ್ಟು ವರ್ಷ ಹೆಣಗಿದವರು ಕಾಣದೆ ಹೋದದ್ದು ಇದನ್ನೇ: ಒಡೆಯಲೇಬೇಕಾಗಿರಲಿಲ್ಲ. ಗಂಡನನ್ನು ರಕ್ಷಿಸಲೆಂದು ವಕೀಲರು ಹುಷಾರಾಗಿ ಬರೆದ ಒಂದೊಂದು ಕಲಮೂ ಹೆಂಡತಿಯ ಪರ ಸಾಕ್ಷಿಯಾಗಿತ್ತು.

ತೀರ್ಪಿನಲ್ಲಿ ಎರಡು ವಿಚಿತ್ರಗಳಿವೆ. ವಿಚಾರಣೆ ಮುಗಿದು ತೀರ್ಪು ಬರುವ ಮೊದಲೇ ಗಂಡ ಹೆಂಡತಿ ರಾಜಿಯಾಗಿದ್ದರು. ಆದರೂ ಪ್ರಶ್ನೆ ದೇಶಕ್ಕೆ ಮುಖ್ಯವೆಂದು ಕೋರ್ಟು ತೀರ್ಪು ಕೊಟ್ಟಿತು. ಯಾರ ಜಗಳದಿಂದ ಈ ನಿಯಮ ಹುಟ್ಟಿತೋ ಅವರಿಗೆ ಅದರ ಅಗತ್ಯವೇ ಉಳಿದಿರಲಿಲ್ಲ. ಇನ್ನೊಂದು, ಟ್ರಸ್ಟು ಸೋಗಲ್ಲ ಎಂದು ಹೇಳಿದ ನ್ಯಾಯಮೂರ್ತಿಗಳು, ಅದು ಕಾನೂನಿನ ಪ್ರಕಾರ ಟ್ರಸ್ಟ್ ಹೌದೋ ಅಲ್ಲವೋ ಎಂಬಲ್ಲಿ ಒಮ್ಮತಕ್ಕೆ ಬರದೆ ಪ್ರಶ್ನೆಯನ್ನು ತೆರೆದೇ ಬಿಟ್ಟರು. ಇದೆಯೋ ಇಲ್ಲವೋ ಖಚಿತವಿಲ್ಲದ ಟ್ರಸ್ಟಿನೊಳಗಿನ ಅಧಿಕಾರಗಳಿಗೆ ಖಚಿತ ಬೆಲೆ ಕಟ್ಟಿದ ತೀರ್ಪು ಇದು. ತರ್ಕಶಾಸ್ತ್ರದ ಮೇಷ್ಟರು ಹುಬ್ಬೇರಿಸಬಹುದು. ನನಗೆ ಇದು ತಪ್ಪೆನಿಸುವುದಿಲ್ಲ. ಹಂಚಿಕೆಗೆ ಬೇಕಾದಷ್ಟು ತೀರ್ಮಾನಿಸಿ ಉಳಿದದ್ದನ್ನು ಬಿಡುವುದು ಕೋರ್ಟಿನ ಒಳ್ಳೆಯ ಅಭ್ಯಾಸ. ನನ್ನ ತಕರಾರು ಬೇರೆ ಕಡೆ ಇದೆ. ಹೆಣ್ಣುಮಕ್ಕಳ ನಿರೀಕ್ಷೆಗೆ ಬೆಲೆ ಸೊನ್ನೆ ಎಂದಾಯಿತಲ್ಲ, ಅದು. ಅಪ್ಪ ಬಯಸಿದರೆ ಅದನ್ನು ಸೊನ್ನೆ ಮಾಡಬಹುದಿತ್ತು, ನಿಜ. ಎಲ್ಲ ಅಪ್ಪಂದಿರೂ ಹಾಗೆ ಮಾಡುತ್ತಾರೆಂದು ಲೆಕ್ಕ ಹಾಕುವುದು ಸ್ವಲ್ಪ ಕಠಿಣವೇ.

ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. 2017ರಲ್ಲಿ ಲಂಡನ್ನಿನ ಹೈಕೋರ್ಟಿಗೆ ರಷ್ಯಾದ ಬ್ಯಾಂಕ್ ಉದ್ಯಮಿ ಪುಗಚೇವ್ ಅವರ ಐದು ಟ್ರಸ್ಟುಗಳು ಬಂದವು. ಬರೆದದ್ದು ನ್ಯೂಜಿಲೆಂಡ್ ಕಾನೂನಿನಡಿ, ಬೆನ್ನಟ್ಟಿದ್ದು ಸಾಲಗಾರರು. ಕ್ಲೇಟನ್ ತೀರ್ಪನ್ನು ಓದಿಕೊಂಡೇ ಅಲ್ಲಿನ ನ್ಯಾಯಾಧೀಶರು ಅವುಗಳ ಹಿಂದಿನ ನಿಜವಾದ ಯಜಮಾನ ಯಾರೆಂದು ನಿರ್ಧರಿಸಿದರು. 2020ರಲ್ಲಿ ವೆಬ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಗಂಡ ತನ್ನಲ್ಲಿ ಉಳಿಸಿಕೊಂಡ ಅಧಿಕಾರ ಎಷ್ಟು ವಿಶಾಲವೆಂದರೆ ಅವನು ಆಸ್ತಿಯನ್ನು ಬಿಟ್ಟುಕೊಟ್ಟೇ ಇಲ್ಲ, ಟ್ರಸ್ಟೇ ಆಗಿಲ್ಲ. ಆ ಮೊಕದ್ದಮೆ ಹೋದದ್ದು ಕುಕ್ ದ್ವೀಪಗಳಿಂದ. ಜಗತ್ತಿನ ಸಿರಿವಂತರು ಸಾಲಗಾರರ ಕಣ್ಣಿಗೆ ಬೀಳದಂತೆ ಟ್ರಸ್ಟ್ ಮಾಡಲು ಹುಡುಕಿಕೊಂಡು ಹೋಗುವ ಊರು ಅದು.

ಕ್ಲೇಟನ್ ನಿಯಮಕ್ಕೆ ಮಿತಿಯೂ ಇದೆ. ಇನ್ನೊಬ್ಬ ಸ್ವತಂತ್ರ ಟ್ರಸ್ಟಿ ಇದ್ದು ಅವನ ಒಪ್ಪಿಗೆ ಬೇಕಾದರೆ, ಅಥವಾ ಟ್ರಸ್ಟಿ ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲವಾದರೆ, ವಾದ ಅಷ್ಟು ಸುಲಭವಾಗಿ ನಿಲ್ಲದು. ವಕೀಲರು ಇದನ್ನು ಕಲಿಯಲು ತಡಮಾಡಲಿಲ್ಲ, ಹೊಸ ಪತ್ರಗಳಲ್ಲಿ ಎರಡನೆಯ ಟ್ರಸ್ಟಿ ಬಂದು ಕೂತ. ಆದ್ದರಿಂದಲೇ 2019ರಲ್ಲಿ ಅಲ್ಲಿನ ಕಾನೂನು ಆಯೋಗ, ಹಳೆಯ 182ನೇ ಕಲಮನ್ನು ತೆಗೆದು, ಟ್ರಸ್ಟಿನ ಬಂಡವಾಳವನ್ನೂ ಮುಟ್ಟಬಲ್ಲ, ಮದುವೆಯಾದವರಿಗೂ ಆಗದವರಿಗೂ ಅನ್ವಯಿಸುವ ಒಂದೇ ಪರಿಹಾರವನ್ನು ಹೊಸ ಕಾಯ್ದೆಯಲ್ಲಿ ತರಬೇಕೆಂದು ಶಿಫಾರಸು ಮಾಡಿತು. ಆಕ್ಲೆಂಡಿನಲ್ಲಿ ಮನೆ ಮಾಡಿಕೊಂಡ ಕನ್ನಡಿಗ ದಂಪತಿಗಳೂ ಗಮನಿಸಬೇಕಾದ ಸಂಗತಿ ಇದು. ಮದುವೆ ಧಾರವಾಡದಲ್ಲಿ ಆಗಿದ್ದರೂ ಆಕ್ಲೆಂಡಿನ ಮನೆಗೆ ಅನ್ವಯಿಸುವುದು ಅಲ್ಲಿನ ಕಾನೂನೇ.

ನಮ್ಮಲ್ಲಿ? 1859ರ ಆ ಇಂಗ್ಲಿಷ್ ಕಲಮು ಹತ್ತೇ ವರ್ಷಕ್ಕೆ ಭಾರತಕ್ಕೂ ಬಂದಿತ್ತು, 1869ರ ವಿಚ್ಛೇದನ ಕಾಯ್ದೆಯ 40ನೇ ಕಲಮಾಗಿ. ಅದು ಇವತ್ತಿಗೂ ಇದೆ, ಆದರೆ ಆ ಕಾಯ್ದೆ ಕ್ರೈಸ್ತರಿಗೆ ಮಾತ್ರ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ಮದುವೆಯ ಸಂದರ್ಭದಲ್ಲಿ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳ ಬಗ್ಗೆ ಮಾತಾಡುತ್ತದೆ. ಸಂಸಾರದಲ್ಲಿ ಇಬ್ಬರೂ ಸೇರಿ ಗಳಿಸಿದ್ದರಲ್ಲಿ ಸಮಪಾಲು ಎಂಬ ನಿಯಮವೇ ಅದರಲ್ಲಿ ಇಲ್ಲ; ಜೀವನಾಂಶ ನಿಗದಿ ಮಾಡುವಾಗ ಗಂಡನ ಆಸ್ತಿಯತ್ತ ಕೋರ್ಟು ಕಣ್ಣು ಹಾಯಿಸುತ್ತದೆ, ಅಷ್ಟೆ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸಲು ಹೊರಟ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿ, ಲೋಕಸಭೆಯಲ್ಲಿ ಅಂಗೀಕಾರವಾಗದೆ ಬಿದ್ದುಹೋಯಿತು. ಹಂಚುವ ಕಾನೂನೇ ಇಲ್ಲದ ಕಡೆ ಅಧಿಕಾರ ಆಸ್ತಿಯೋ ಅಲ್ಲವೋ ಎಂಬ ಚರ್ಚೆ ಇನ್ನೂ ದೂರ.

ಆದರೆ ಕುಟುಂಬ ಟ್ರಸ್ಟುಗಳು ದೂರವಿಲ್ಲ. ಬೆಂಗಳೂರಿನ ಉದ್ಯಮಿಗಳು ಷೇರು, ಸೈಟು, ಮನೆಗಳನ್ನು ಖಾಸಗಿ ಟ್ರಸ್ಟುಗಳಿ­ಗೆ ಹಾಕುವುದು ಈಗ ಮಾಮೂಲು. 1985ರಲ್ಲಿ ರದ್ದಾದ ಎಸ್ಟೇಟ್ ಡ್ಯೂಟಿ ಮತ್ತೆ ಬಂದೀತು ಎಂಬ ಅಂಜಿಕೆಯೂ ಅದಕ್ಕೊಂದು ಕಾರಣ. ಅಂಥ ಪತ್ರಕ್ಕೆ ಸಹಿ ಹಾಕಿ ಎಂದು ಮನೆಯವರು ಮುಂದಿಟ್ಟರೆ ಆಸ್ತಿಯ ಪಟ್ಟಿ ನೋಡಿ ಸುಮ್ಮನಾಗಬೇಡಿ. ಟ್ರಸ್ಟಿಯನ್ನು ನೇಮಿಸುವವರು, ತೆಗೆಯುವವರು ಯಾರು, ಫಲಾನುಭವಿಗಳ ಪಟ್ಟಿಯಿಂದ ನಿಮ್ಮ ಹೆಸರನ್ನು ಹೊಡೆದುಹಾಕುವ ಅಧಿಕಾರ ಯಾರಿಗಿದೆ, ಟ್ರಸ್ಟಿ ಎಲ್ಲವನ್ನೂ ತನಗೇ ಕೊಟ್ಟುಕೊಳ್ಳಬಹುದೇ, ಇಷ್ಟನ್ನು ಹುಡುಕಿ ಓದಿ. ಓದಲು ಸಮಯ ಕೊಡದಿದ್ದರೆ ಸಹಿ ಹಾಕಬೇಡಿ.